ಶೂಟೌಟ್ ಸೋತರೂ ಮುಂದಿನ ಸುತ್ತಿಗೆ! 1971-72ರ ಕಪ್ ವಿನ್ನರ್ಸ್ ಕಪ್ ಮತ್ತು ಅವೇ ಗೋಲ್ ಲೆಕ್ಕ

[ಪರದೆ: ಲಿಸ್ಬನ್, 3 ನವೆಂಬರ್ 1971]

ಪೆನಾಲ್ಟಿ ಶೂಟೌಟ್ ಮುಗಿದಿದೆ. ಪೋರ್ಚುಗಲ್‌ನ ಫುಟ್‌ಬಾಲ್ ಕ್ಲಬ್ ಸ್ಪೋರ್ಟಿಂಗ್ ಗೆದ್ದಿದೆ, ಸ್ಕಾಟ್ಲೆಂಡ್‌ನ ಗ್ಲಾಸ್ಗೋ ರೇಂಜರ್ಸ್ ಸೋತಿದೆ. ಆದ್ರೆ ಮುಂದಿನ ಸುತ್ತಿಗೆ ಹೋಗಿದ್ದು ರೇಂಜರ್ಸ್. ಆ ವರ್ಷದ ಕಪ್ ಎತ್ತಿದ್ದೂ ಅವರೇ. ಅಸಲಿಗೆ ಆ ಶೂಟೌಟ್ ನಡೀಲೇಬಾರದಿತ್ತು. ಯಾಕೆ ಅಂತ ಒಂದೊಂದೇ ಗೋಲಿನ ಲೆಕ್ಕ ಹಾಕೋಣ ಬರ್ರಿ. ದಾವಣಗೆರೆ, ಚಿತ್ರದುರ್ಗದ ಕಡೆ ಟೂರ್ನಮೆಂಟ್ ನಡೆಸೋರು ಕೊನೇವರೆಗೂ ನೋಡ್ರಿ, ನಿಮಗೆ ಬೇಕಾದ ವಿಷಯ ಅಲ್ಲಿದೆ.

ಕಪ್ ವಿನ್ನರ್ಸ್ ಕಪ್ ಅಂದ್ರೆ ಯುರೋಪಿನ ಬೇರೆ ಬೇರೆ ದೇಶಗಳಲ್ಲಿ ಕಪ್ ಗೆದ್ದ ಕ್ಲಬ್‌ಗಳ ನಾಕೌಟ್ ಪಂದ್ಯಾವಳಿ. ರೇಂಜರ್ಸ್ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೋತಿತ್ತು. ಗೆದ್ದ ಸೆಲ್ಟಿಕ್ ಲೀಗನ್ನೂ ಗೆದ್ದು, ಲೀಗ್ ಗೆದ್ದವರು ಆಡೋ ಯುರೋಪಿಯನ್ ಕಪ್‌ಗೆ ಹೋಗಿದ್ದರಿಂದ ಜಾಗ ಇವರಿಗೆ ಬಂತು. ಫೈನಲ್ ಒಂದನ್ನ ಬಿಟ್ಟು ಎಲ್ಲ ಸುತ್ತಲ್ಲೂ ಎರಡೆರಡು ಮ್ಯಾಚ್: ನಮ್ಮೂರಲ್ಲಿ ಒಂದು, ನಿಮ್ಮೂರಲ್ಲಿ ಒಂದು. ಎರಡರ ಗೋಲು ಕೂಡಿಸಿ ಯಾರದು ಜಾಸ್ತಿಯೋ ಅವರು ಮುಂದೆ. ಅದು ಸಮ ಆದ್ರೆ ಎದುರಾಳಿ ಊರಲ್ಲಿ ಹೊಡೆದ ಗೋಲು, ಅಂದ್ರೆ ಅವೇ ಗೋಲು, ಯಾರದು ಜಾಸ್ತಿಯೋ ಅವರು ಮುಂದೆ.

[ಪರದೆ: ಸ್ಕೋರ್ ಪಟ್ಟಿ]

ಗ್ಲಾಸ್ಗೋದ ಮೊದಲ ಮ್ಯಾಚ್‌ನಲ್ಲಿ ಅರ್ಧ ಸಮಯಕ್ಕೇ ರೇಂಜರ್ಸ್ 3-0 ಮುಂದೆ. ಆಮೇಲೆ ಸ್ಪೋರ್ಟಿಂಗ್ ಎರಡು ಹೊಡೀತು, 3-2ಕ್ಕೆ ಮುಗೀತು. ಈ ಎರಡು ಗೋಲನ್ನ ನೆನಪಿಟ್ಕೊಳ್ರಿ, ಇವು ಬೇರೆ ಊರಲ್ಲಿ ಹೊಡೆದವು.

ಲಿಸ್ಬನ್‌ನಲ್ಲಿ 90 ನಿಮಿಷಕ್ಕೆ ಸ್ಪೋರ್ಟಿಂಗ್ 3, ರೇಂಜರ್ಸ್ 2. ಒಟ್ಟು 5-5. ಅವೇ ಗೋಲೂ 2-2, ಅಲ್ಲೂ ಸಮ. ಹಾಗಾಗಿ 30 ನಿಮಿಷ ಎಕ್ಸ್‌ಟ್ರಾ ಟೈಮ್. ಅದರಲ್ಲಿ ವಿಲ್ಲಿ ಹೆಂಡರ್ಸನ್ ರೇಂಜರ್ಸ್‌ಗೆ ಮೂರನೇ ಗೋಲು ತಂದ. ಆಮೇಲೆ ಸ್ಪೋರ್ಟಿಂಗ್ ಪೆನಾಲ್ಟಿಯಲ್ಲಿ ನಾಲ್ಕನೇದು ಹಾಕ್ತು. ಒಟ್ಟು 6-6.

ಎಡವಿದ್ದು ಇಲ್ಲೇ. ರೆಫರಿ ಲಾರೆನ್ಸ್ ವಾನ್ ರಾವೆನ್ಸ್ ನೇರವಾಗಿ ಶೂಟೌಟ್‌ಗೆ ಕರೆದರು. ಆದ್ರೆ ನಿಯಮದ ಪ್ರಕಾರ ಎಕ್ಸ್‌ಟ್ರಾ ಟೈಮ್‌ನ ಗೋಲೂ ಅವೇ ಗೋಲೇ. ಹೆಂಡರ್ಸನ್ ಗೋಲು ಸೇರಿ ರೇಂಜರ್ಸ್‌ಗೆ 3, ಸ್ಪೋರ್ಟಿಂಗ್‌ಗೆ 2. 120ನೇ ನಿಮಿಷಕ್ಕೇ ತೀರ್ಮಾನ ಆಗಿಹೋಗಿತ್ತು. ರೇಂಜರ್ಸ್ ಮ್ಯಾನೇಜರ್ ವಿಲ್ಲಿ ವಾಡೆಲ್ ನಿಯಮದ ಪುಸ್ತಕ ಹಿಡ್ಕೊಂಡು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎದ ಪ್ರತಿನಿಧಿ ಹತ್ರ ಹೋದರು, ಫಲಿತಾಂಶ ತಿರುಗಿತು. ಒಂದು ಮಾತು ಹೇಳ್ಬೇಕು: ಅವೇ ಗೋಲ್ ನಿಯಮ ಇದೇ ಪಂದ್ಯಾವಳಿಗೆ 1965-66ರಲ್ಲೇ ಬಂದಿತ್ತು. ಶೂಟೌಟ್‌ಗೆ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಹಳೇ ನಿಯಮದ ಮೇಲೆ ಹೊಸದನ್ನ ಕೂರಿಸಿದಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮೈದಾನದಲ್ಲಿ ನಿಂತವರ ತಲೇಲಿ ಪಕ್ಕಾ ಇರ್ಬೇಕು.

[ಪರದೆ: ದಾವಣಗೆರೆ – ಚಿತ್ರದುರ್ಗ]

ಜನ ಮಾಡೋ ಇನ್ನೊಂದು ತಪ್ಪು, ಅವೇ ಗೋಲನ್ನ ಮೊದಲೇ ಎರಡರಿಂದ ಗುಣಿಸೋದು. ಹಿಂಗೆ ಅಂದ್ಕೊಳ್ರಿ: ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ದಾವಣಗೆರೆ 3, ಚಿತ್ರದುರ್ಗ 1. ದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ದುರ್ಗ 1, ದಾವಣಗೆರೆ 0. ಒಟ್ಟು 3-2, ದಾವಣಗೆರೆ ಮುಂದೆ, ಕಥೆ ಮುಗೀತು. ದುರ್ಗದವರ ಆ ಒಂದು ಅವೇ ಗೋಲನ್ನ ಎರಡು ಮಾಡಿದ್ರೆ ಲೆಕ್ಕ 3-3 ಆಗಿ, ಗೆದ್ದ ತಂಡ ಸುಮ್ನೆ ಎಕ್ಸ್‌ಟ್ರಾ ಟೈಮ್ ಆಡಬೇಕಾಗುತ್ತೆ. ಒಟ್ಟು ಗೋಲು ಸಮ ಆದಾಗ ಮಾತ್ರ ಅವೇ ಗೋಲಿನ ಕಡೆ ನೋಡ್ಬೇಕು. ಎರಡೂ ಮ್ಯಾಚ್ ಹೈಸ್ಕೂಲ್ ಮೈದಾನದಲ್ಲೇ ಇಟ್ಕೊಂಡ್ರೆ ಈ ನಿಯಮಕ್ಕೆ ಅರ್ಥಾನೇ ಇಲ್ಲ.

ಆ ಸೀಸನ್‌ನ ಉಳಿದ ದಾರಿ ಬೇಗ ಹೇಳ್ತೀವಿ. ಸ್ಪೋರ್ಟಿಂಗ್‌ಗಿಂತ ಮುಂಚೆ ರೆನ್, ಆಮೇಲೆ ಟೊರಿನೊ, ಸೆಮಿಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್. ಮೂರೂ ಕಡೆ ಒಂದೇ ವರಸೆ: ಹೊರಗೆ 1-1, ತಮ್ಮೂರಲ್ಲಿ ಗೆಲುವು. 1972ರ ಮೇ 24ಕ್ಕೆ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ ಫೈನಲ್. ಡೈನಮೊ ಮಾಸ್ಕೋ ಮೇಲೆ 3-0 ಮುಂದಿದ್ದವರು 3-2ಕ್ಕೆ ಉಸಿರು ಬಿಟ್ಟರು. ಅಭಿಮಾನಿಗಳು ಮೈದಾನಕ್ಕೆ ನುಗ್ಗಿದ್ದರಿಂದ ನಾಯಕ ಜಾನ್ ಗ್ರೇಗ್ ಕೈಗೆ ಕಪ್ ಕೊಟ್ಟಿದ್ದು ಕ್ರೀಡಾಂಗಣದ ಒಳಗಿನ ಒಂದು ಕೋಣೇಲಿ. ಯುರೋಪಿನಲ್ಲಿ ಆಡದ ಹಾಗೆ ಎರಡು ವರ್ಷ ನಿಷೇಧವೂ ಬಿತ್ತು, ಆಮೇಲೆ ಒಂದು ವರ್ಷಕ್ಕೆ ಇಳೀತು.

ಯುಇಎಫ್ಎ 2021ರ ಜೂನ್‌ನಲ್ಲಿ ಅವೇ ಗೋಲ್ ನಿಯಮವನ್ನೇ ಕೈಬಿಟ್ಟಿತು. 1970ರ ದಶಕದ ನಡುವೆ ತವರು ತಂಡದ ಗೆಲುವು ಶೇ 61, ಬಂದ ತಂಡದ್ದು ಶೇ 19 ಇತ್ತು. ಅದು 47 ಮತ್ತು 30ಕ್ಕೆ ಬಂದಿದೆ ಅಂತ ಯುಇಎಫ್ಎನೇ ಹೇಳಿತು. ನಮಗಂತೂ ಈ ತೀರ್ಮಾನ ಸರಿ ಅನ್ಸುತ್ತೆ. ಎರಡನೇ ಮ್ಯಾಚ್‌ಗೆ ಬಂದ ತಂಡಕ್ಕೆ ಅವೇ ಗೋಲು ಹೊಡೆಯೋಕೆ 120 ನಿಮಿಷ, ಇನ್ನೊಂದಕ್ಕೆ 90 ಮಾತ್ರ ಸಿಗೋದು ನ್ಯಾಯ ಅಲ್ಲ.

[ಪರದೆ: ನಿಯಮದ ಹಾಳೆ]

ನಿಮ್ಮ ಟೂರ್ನಮೆಂಟ್ ಹಾಳೇಲಿ ಇದೇ ಕ್ರಮದಲ್ಲಿ ಬರೀರಿ. ಮೊದಲು ಒಟ್ಟು ಗೋಲು. ಸಮ ಆದ್ರೆ ಅವೇ ಗೋಲ್ ಉಂಟೋ ಇಲ್ವೋ, ಉಂಟು ಅಂದ್ರೆ ಎಕ್ಸ್‌ಟ್ರಾ ಟೈಮ್‌ನಲ್ಲೂ ಲೆಕ್ಕಕ್ಕೆ ಬರುತ್ತೋ ಇಲ್ವೋ, ಬಿಡಿಸಿ ಬರೀರಿ. ಆಮೇಲೆ 15-15 ನಿಮಿಷ ಎಕ್ಸ್‌ಟ್ರಾ ಟೈಮ್. ಕೊನೆಗೆ ಶೂಟೌಟ್: ಐದೈದು ಕಿಕ್, ಸಮ ಆದ್ರೆ ಒಂದೊಂದು. ಎರಡೂ ನಾಯಕರ ಸಹಿ ಮ್ಯಾಚ್ ಶುರು ಆಗೋಕೆ ಮುಂಚೆ ಹಾಕಿಸ್ರಿ. ಒಂದು ಪ್ರತಿ ರೆಫರಿ ಜೇಬಲ್ಲಿ, ಇನ್ನೊಂದು ಸ್ಕೋರರ್ ಟೇಬಲ್ ಮೇಲೆ ಇರ್ಲಿ.