ನೂರಕ್ಕೆ ಎಷ್ಟು? ಅಮೆರಿಕದ ಫುಟ್‌ಬಾಲ್ ಪ್ಲೇಆಫ್‌ನ ಮುನ್ನಂದಾಜು

ಕೇಳುಗರಿಗೆ ನಮಸ್ಕಾರ.

2019ರ ಜನವರಿ 6, ಭಾನುವಾರ. ಷಿಕಾಗೋ ನಗರದ ಸೋಲ್ಜರ್ ಫೀಲ್ಡ್ ಮೈದಾನದಲ್ಲಿ ಪಂದ್ಯ ಮುಗಿಯಲು ಹತ್ತೇ ಸೆಕೆಂಡು ಉಳಿದಿದೆ. ಫಿಲಡೆಲ್ಫಿಯಾ ಈಗಲ್ಸ್ 16 ಅಂಕ, ಊರಿನ ತಂಡವಾದ ಷಿಕಾಗೋ ಬೇರ್ಸ್ 15 ಅಂಕ. ಬೇರ್ಸ್ ತಂಡದ ಕಿಕ್ಕರ್ ಕೋಡಿ ಪಾರ್ಕಿ 43 ಗಜ ದೂರದಿಂದ ಒದ್ದ ಚೆಂಡು ಎರಡು ಕಂಬಗಳ ನಡುವೆ ಸರಿಯಾಗಿ ಹಾದುಹೋಯಿತು. ಆದರೆ ಒದೆಯುವುದಕ್ಕೆ ಒಂದು ಕ್ಷಣ ಮೊದಲೇ ಈಗಲ್ಸ್ ತರಬೇತುದಾರರು ವಿರಾಮ ಕೇಳಿದ್ದರಿಂದ ಆ ಒದೆತ ಲೆಕ್ಕಕ್ಕೆ ಬರಲಿಲ್ಲ. ಪಾರ್ಕಿ ಎರಡನೆಯ ಸಲ ಒದ್ದರು. ಈ ಬಾರಿ ಚೆಂಡು ಎದುರಾಳಿಯೊಬ್ಬನ ಬೆರಳ ತುದಿಗೆ ಸವರಿ, ಎಡಗಂಬಕ್ಕೆ ಬಡಿದು, ಕೆಳಗಿನ ಅಡ್ಡಪಟ್ಟಿಯ ಮೇಲೆ ಬಿದ್ದು, ಮೈದಾನದ ಕಡೆಗೇ ಪುಟಿದು ಬಂತು. ಹನ್ನೆರಡು ಪಂದ್ಯ ಗೆದ್ದು ಬಂದಿದ್ದ ಬೇರ್ಸ್ ತಂಡ ಆ ವರ್ಷದ ಮಟ್ಟಿಗೆ ಮನೆಗೆ ಹೋಯಿತು.

ಆ ದಿನ ಬೆಳಿಗ್ಗೆ ಬೇರ್ಸ್ ಗೆಲ್ಲುತ್ತದೆ ಎಂದು ಹೇಳಿದ್ದವರು ಬಹಳ ಮಂದಿ. ಅವರೆಲ್ಲ ಹೇಳಿದ್ದು ತಪ್ಪೇ? ಚೆಂಡು ಒಂದು ಗೇಣು ಬಲಕ್ಕೆ ಹೋಗಿದ್ದರೆ ಅದೇ ಮಾತು ಸರಿಯಾಗಿಬಿಡುತ್ತಿತ್ತೆ? ಇಂದು ನಾನು ಮಾತನಾಡಬೇಕೆಂದಿರುವುದು ಈ ಪ್ರಶ್ನೆಯ ಸುತ್ತಲೇ.

ಮೊದಲಿಗೆ ಆಟದ ಪರಿಚಯವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಇದು ನಾವು ಕಾಲ್ಚೆಂಡು ಎನ್ನುವ ಆಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಪರೂಪಕ್ಕೆ ಒದೆಯುವ ಆಟ. ಎನ್‌ಎಫ್‌ಎಲ್ ಎಂಬ ಅದರ ವೃತ್ತಿಪರ ಲೀಗಿನಲ್ಲಿ 32 ತಂಡಗಳಿವೆ. 2021ರಿಂದ ಪ್ರತಿ ತಂಡವೂ ಋತುವಿಗೆ 17 ಪಂದ್ಯ ಆಡುತ್ತದೆ. ಕೊನೆಗೆ ಉಳಿಯುವ 14 ತಂಡಗಳು ಜನವರಿಯಲ್ಲಿ ಪ್ಲೇಆಫ್‌ಗೆ ಇಳಿಯುತ್ತವೆ. ಸೋತವರು ಅಲ್ಲಿಗೇ ಹೊರಗೆ. ಫೆಬ್ರುವರಿಯ ಅಂತಿಮ ಪಂದ್ಯವಾದ ಸೂಪರ್ ಬೌಲ್ ಸೇರಿ ಒಟ್ಟು 13 ಪಂದ್ಯ.

ಸೋತರೆ ಹೊರಗೆ ಎಂಬ ಈ ಒಂದು ನಿಯಮವೇ ಭವಿಷ್ಯ ಹೇಳುವವರ ನಿದ್ದೆ ಕೆಡಿಸುವಂಥದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪ್ಲೇಆಫ್‌ನಲ್ಲಿ ಅದೇ ಎರಡು ತಂಡಗಳು ಏಳು ಪಂದ್ಯಗಳವರೆಗೆ ಆಡಿ, ನಾಲ್ಕು ಗೆದ್ದವರು ಮುಂದೆ ಹೋಗುತ್ತಾರೆ. ಒಂದು ಪಂದ್ಯದಲ್ಲಿ ನೂರಕ್ಕೆ 60ರಷ್ಟು ಗೆಲ್ಲುವ ಸಂಭವವಿರುವ ತಂಡ ಅಂಥ ಸರಣಿಯನ್ನು ಗೆಲ್ಲುವ ಸಂಭವ ನೂರಕ್ಕೆ 71. ಸರಣಿ ಉದ್ದವಾದಷ್ಟೂ ಅದೃಷ್ಟದ ಆಟ ಕಡಿಮೆಯಾಗಿ ಬಲದ ಆಟ ಮೇಲೆ ಬರುತ್ತದೆ. ಫುಟ್‌ಬಾಲ್ ಆಟಗಾರರ ಮೈ ವಾರಕ್ಕೊಂದು ಪಂದ್ಯಕ್ಕಿಂತ ಹೆಚ್ಚನ್ನು ತಾಳದು; ಹೀಗಾಗಿ ಅಲ್ಲಿ ಒಂದೇ ತೂಗು, ಒಂದೇ ತೀರ್ಪು.

ಆ ತೀರ್ಪು ಎಷ್ಟರಮಟ್ಟಿಗೆ ಅಲುಗಾಡುತ್ತದೆ ಎಂಬುದನ್ನು ಹಾಲ್ ಸ್ಟರ್ನ್ ಎಂಬ ಸಂಖ್ಯಾಶಾಸ್ತ್ರಜ್ಞರು 1991ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಳೆದು ತೋರಿಸಿದ್ದಾರೆ. ಪಂದ್ಯಕ್ಕೆ ಮುನ್ನ ಪಣದ ಪೇಟೆಯವರು, ಈ ತಂಡ ಆ ತಂಡಕ್ಕಿಂತ ಇಷ್ಟು ಅಂಕ ಮೇಲು ಎಂದು ಒಂದು ಅಂತರವನ್ನು ಗೊತ್ತುಮಾಡುತ್ತಾರೆ. ಅದಕ್ಕೆ ಪಾಯಿಂಟ್ ಸ್ಪ್ರೆಡ್ ಎನ್ನುತ್ತಾರೆ. ನಿಜವಾಗಿ ಬಂದ ಫಲಿತಾಂಶವು ಆ ಅಂತರದ ಆಚೀಚೆ ಸುಮಾರು 14 ಅಂಕಗಳ ವಿಚಲನೆಯಲ್ಲಿ, ಅಂದರೆ ಮೂರರಲ್ಲಿ ಎರಡರಷ್ಟು ಪಂದ್ಯಗಳು ಆ 14ರೊಳಗೆ ಬೀಳುವಂತೆ, ಹರಡಿರುತ್ತದೆ ಎಂಬುದು ಸ್ಟರ್ನ್ ಅವರು ಕಂಡುಕೊಂಡ ಸಂಗತಿ. ಇದರ ಪರಿಣಾಮವನ್ನು ಗಮನಿಸಿ. 3 ಅಂಕ ಮೇಲು ಎನಿಸಿಕೊಂಡ ತಂಡ ಗೆಲ್ಲುವ ಸಂಭವ ನೂರಕ್ಕೆ 59ರ ಆಸುಪಾಸು; ಒಂದು ಪೂರ್ತಿ ಟಚ್‌ಡೌನಿನಷ್ಟು, ಅಂದರೆ 7 ಅಂಕ, ಮೇಲು ಎನಿಸಿಕೊಂಡರೂ ಅದು 69ಕ್ಕೆ ನಿಲ್ಲುತ್ತದೆ. ಪ್ಲೇಆಫ್‌ಗೆ ಬಂದ ತಂಡಗಳೆಲ್ಲ ಜರಡಿಯಲ್ಲಿ ಉಳಿದವೇ ಆದ್ದರಿಂದ ಅವುಗಳ ನಡುವಿನ ಅಂತರ ಏಳನ್ನು ಬಹಳ ಮೀರುವುದು ಅಪರೂಪ. ಆದ್ದರಿಂದ ಟಿವಿಯಲ್ಲಿ ಮೇಜು ಗುದ್ದಿ ಇದೇ ತಂಡ ಗೆಲ್ಲುತ್ತದೆ ಎನ್ನುವವರು, ನನ್ನ ಮಟ್ಟಿಗೆ, ಕಣಿ ಹೇಳುವವರ ಸಾಲಿಗೇ ಸೇರಿದವರು. ಕಣಿ ಹೇಳುವವಳ ಮಾತಿನಲ್ಲಿ ಲಯವಾದರೂ ಇರುತ್ತದೆ!

ಪ್ರತಿ ಪಂದ್ಯದಲ್ಲೂ ನಿಮ್ಮ ಊಹೆ ಸರಿಯಾಗುವ ಸಂಭವ ನೂರಕ್ಕೆ 65 ಎಂದುಕೊಂಡರೂ ಹದಿಮೂರಕ್ಕೆ ಹದಿಮೂರೂ ಸರಿಯಾಗುವುದು ಸುಮಾರು 270 ಸಲಕ್ಕೆ ಒಮ್ಮೆ. ಯಾರಾದರೂ ಒಬ್ಬರು ಹೇಗೂ ಸಾಧಿಸಿರುತ್ತಾರೆ; ಆಮೇಲೆ ನಾವು ಕೇಳುವುದು ಅವರೊಬ್ಬರ ಮಾತನ್ನೇ.

ಹಾಗಾದರೆ ಬಲವನ್ನು ಅಳೆಯುವುದು ಹೇಗೆ? ಇಲ್ಲಿ ಒಂದು ಮನೆಯ ಪ್ರಸಂಗ ಹೇಳಬೇಕು. 2023ರ ಜನವರಿಯಲ್ಲಿ ನಾನು ಮಿನಿಯಾಪೊಲಿಸ್‌ನ ಅಕ್ಕನ ಮನೆಯಲ್ಲಿದ್ದೆ. ಆ ಊರಿನ ತಂಡ ಮಿನೆಸೋಟ ವೈಕಿಂಗ್ಸ್ 17ರಲ್ಲಿ 13 ಗೆದ್ದಿತ್ತು. ನೇರಳೆ ಬಣ್ಣದ ಜೆರ್ಸಿ ತೊಟ್ಟು, ಚುರುಮುರಿಯ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಭಾವನವರು, "ಹದಿಮೂರು ಗೆದ್ದವರು ತಮ್ಮ ಅಂಗಳದಲ್ಲೇ ಸೋಲ್ತಾರೇನೋ?" ಎಂದರು. "ಎಷ್ಟು ಗೆದ್ದರು ಅಂತ ನೋಡಬೇಡಿ ಭಾವ, ಎಷ್ಟರಲ್ಲಿ ಗೆದ್ದರು ನೋಡಿ" ಎಂದೆ. "ಗೆಲುವು ಗೆಲುವೇ ಕಣೋ" ಎಂದು ಅವರು ಒಂದು ಹಿಡಿ ಚುರುಮುರಿ ಬಾಯಿಗೆ ಹಾಕಿಕೊಂಡರು.

ಲೆಕ್ಕ ಹೀಗಿತ್ತು. ವೈಕಿಂಗ್ಸ್ ಆ ಋತುವಿನಲ್ಲಿ ಗಳಿಸಿದ್ದು 424 ಅಂಕ, ಬಿಟ್ಟುಕೊಟ್ಟದ್ದು 427. ಹದಿಮೂರು ಗೆದ್ದ ತಂಡದ ಖಾತೆಯಲ್ಲಿ 3 ಅಂಕ ಬಾಕಿ! ಹದಿಮೂರು ಗೆಲುವಿನಲ್ಲಿ ಹನ್ನೊಂದು ಎಂಟು ಅಂಕದೊಳಗಿನ ಗೆಲುವುಗಳು. ಅಂಥ ಇಕ್ಕಟ್ಟಿನ ಪಂದ್ಯಗಳಲ್ಲಿ ಒಂದನ್ನೂ ಅವರು ಸೋತಿರಲಿಲ್ಲ. ಸೋತಾಗ ಮಾತ್ರ ಡಲ್ಲಾಸ್ ಎದುರು 40ಕ್ಕೆ 3, ಗ್ರೀನ್ ಬೇ ಎದುರು 41ಕ್ಕೆ 17 ಎಂಬಂತೆ ಸೋತಿದ್ದರು. ಕೊನೆಯ ಗಳಿಗೆಯ ಗೆಲುವನ್ನು ಅಭಿಮಾನಿಗಳು ಎದೆಗಾರಿಕೆ ಎನ್ನುತ್ತಾರೆ. ಆದರೆ ಅಂಥ ಗೆಲುವುಗಳಲ್ಲಿ ಕೈಜಾರಿದ ಚೆಂಡು ಯಾರ ಕಡೆಗೆ ಪುಟಿಯಿತು ಎಂಬುದರ ಪಾಲು ಬಹಳ ಇರುತ್ತದೆ. ಚೂಪು ತುದಿಯ ಚೆಂಡು ನೆಲಕ್ಕೆ ಬಿದ್ದ ಮೇಲೆ ಯಾವ ದಿಕ್ಕಿಗೆ ನೆಗೆಯುತ್ತದೆ ಎಂಬುದಕ್ಕೆ ಯಾವ ಅಭ್ಯಾಸವೂ ಇಲ್ಲ. ಮುಂದಿನ ಪಂದ್ಯವನ್ನು ಊಹಿಸುವುದಕ್ಕೆ ಗೆಲುವುಗಳ ಎಣಿಕೆಗಿಂತ ಅಂಕಗಳ ಅಂತರವೇ ನಂಬಲರ್ಹವಾದದ್ದು. ಪಣದ ಪೇಟೆ ಇದನ್ನು ಅರಿತಿತ್ತು: ಎದುರಾಳಿ ನ್ಯೂಯಾರ್ಕ್ ಜೈಂಟ್ಸ್ ಒಂಬತ್ತೇ ಪಂದ್ಯ ಗೆದ್ದು ಬಂದಿದ್ದರೂ, ವೈಕಿಂಗ್ಸ್‌ಗೆ ಅದು ಕೊಟ್ಟದ್ದು ಸುಮಾರು 3 ಅಂಕಗಳ ಮೇಲುಗೈ, ಅಂದರೆ ಸ್ವಂತ ಮೈದಾನಕ್ಕೆ ವಾಡಿಕೆಯಾಗಿ ಕೊಡುತ್ತಿದ್ದಷ್ಟು ಮಾತ್ರ. ಪಂದ್ಯವನ್ನು ಜೈಂಟ್ಸ್ 31ಕ್ಕೆ 24ರಿಂದ ಗೆದ್ದರು. ಭಾವನವರು ಬಟ್ಟಲನ್ನು ಕೆಳಗಿಟ್ಟರು. ನಾನು ಹಿಗ್ಗುವಂತಿರಲಿಲ್ಲ, ಏಕೆಂದರೆ ಅಷ್ಟೆಲ್ಲ ಲೆಕ್ಕ ಹೇಳಿಯೂ ನಾನು ಬರೆದಿಟ್ಟದ್ದು ವೈಕಿಂಗ್ಸ್ ಹೆಸರನ್ನೇ, ನೂರಕ್ಕೆ 55 ಎಂದು.

ಸ್ವಂತ ಮೈದಾನದ ಬೆಲೆಯೂ ಸ್ಥಿರವಲ್ಲ. ಕೋವಿಡ್‌ನಿಂದಾಗಿ ಗ್ಯಾಲರಿಗಳು ಬಹುತೇಕ ಖಾಲಿಯಿದ್ದ 2020ರ ಋತುವಿನಲ್ಲಿ ಆತಿಥೇಯ ತಂಡಗಳು 127 ಗೆದ್ದು, 128 ಸೋತು, ಒಂದನ್ನು ಸಮ ಮಾಡಿಕೊಂಡವು. ಇನ್ನು ಗಾಯ. 2023ರ ಜನವರಿ 29ರಂದು ಫಿಲಡೆಲ್ಫಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವ ಮುಖ್ಯ ಆಟಗಾರ, ಬ್ರಾಕ್ ಪರ್ಡಿ ಆರಂಭದಲ್ಲೇ ಮೊಣಕೈ ಪೆಟ್ಟು ತಿಂದರು. ಅವರ ಬದಲಿಗೆ ಬಂದವರು ತಲೆಗೆ ಪೆಟ್ಟು ತಿಂದು ಹೊರನಡೆದರು. ದೂರ ಎಸೆಯಲಾರದ ಪರ್ಡಿಯೇ ಮರಳಿ ಕಣಕ್ಕಿಳಿಯಬೇಕಾಯಿತು. 31ಕ್ಕೆ 7ರ ಆ ಸೋಲು ಯಾವ ಸೂತ್ರದೊಳಗೂ ಇರಲಿಲ್ಲ.

ಪಂದ್ಯ ನಡೆಯುತ್ತಿರುವಾಗಲೇ ಕ್ಷಣಕ್ಷಣಕ್ಕೂ ಗೆಲ್ಲುವ ಸಂಭವವನ್ನು ತೋರಿಸುವ ಗಣಕಗಳೂ ಈಗ ಇವೆ. 2017ರ ಫೆಬ್ರುವರಿ 5ರ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28ಕ್ಕೆ 3ರಿಂದ ಮುಂದಿದ್ದಾಗ ಅವುಗಳಲ್ಲಿ ಒಂದು ನೂರಕ್ಕೆ 99ಕ್ಕೂ ಮೇಲೆ ತೋರಿಸಿತು. ಹೆಚ್ಚುವರಿ ಸಮಯದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 34ಕ್ಕೆ 28ರಿಂದ ಗೆದ್ದಿತು. ಗಣಕವನ್ನು ಜನ ಗೇಲಿ ಮಾಡಿದರು. ಆ ಗೇಲಿ ನನಗೆ ನ್ಯಾಯವೆನಿಸುವುದಿಲ್ಲ; ಅಂಥ ಸ್ಥಿತಿಗಳು ನೂರಾರು ಬಂದಾಗ ಒಂದೆರಡು ತಿರುವುಮುರುವಾಗುತ್ತವೆ ಎಂದೇ ಆ ಸಂಖ್ಯೆ ಹೇಳುತ್ತಿತ್ತು.

ಹಾಗೆಂದು ಸಂಖ್ಯೆ ಹೇಳಿದವರೆಲ್ಲ ಸೋಲಿನಿಂದ ನುಣುಚಿಕೊಳ್ಳಲು ಬಿಡುವಂತಿಲ್ಲ. ಅವರನ್ನು ಹಿಡಿಯುವ ಅಳತೆಗೋಲನ್ನು ಕೊಟ್ಟವರು ಹವಾಮಾನದವರು. ಮಳೆ ಬರುವ ಸಂಭವ ಇಷ್ಟು ಎನ್ನುವ ಮುನ್ಸೂಚನೆಗಳನ್ನು ತೂಗಲು ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞರು 1950ರಲ್ಲಿ ಒಂದು ಸರಳ ಲೆಕ್ಕ ಸೂಚಿಸಿದರು: ನೂರಕ್ಕೆ 70 ಎಂಬುದನ್ನು 0.70 ಎಂದು ಬರೆಯಿರಿ, ನಡೆದರೆ ಒಂದು, ನಡೆಯದಿದ್ದರೆ ಸೊನ್ನೆ ಎಂದು ಎಣಿಸಿ; ನೀವು ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಅದರಿಂದಲೇ ಗುಣಿಸಿ, ಬಂದದ್ದು ನಿಮ್ಮ ದಂಡ. ದಂಡ ಕಡಿಮೆಯಾದಷ್ಟೂ ಒಳ್ಳೆಯದು.

ಷಿಕಾಗೋದ ಆ ಸಂಜೆಗೆ ಇದನ್ನು ಹಚ್ಚಿ ನೋಡೋಣ. ಬೇರ್ಸ್‌ಗೆ ನೂರಕ್ಕೆ 70 ಎಂದವರಿಗೆ ಬಿದ್ದ ದಂಡ 0.49. ಬೇರ್ಸ್‌ಗೇ 95 ಎಂದು ಎದೆ ತಟ್ಟಿದವರಿಗೆ 0.90. ಈಗಲ್ಸ್ ಗೆದ್ದೇ ಗೆಲ್ಲುತ್ತದೆ, ನೂರಕ್ಕೆ ನೂರು ಎಂದವರಿಗೆ ದಂಡವೇ ಇಲ್ಲ, ಸೊನ್ನೆ. ಅಂಥವರೊಬ್ಬರು ಮುಂದಿನ ವಾರವೂ ಅದೇ ಧೈರ್ಯದಲ್ಲಿ ಅದೇ ಮಾತು ಹೇಳಿದ್ದರು ಎಂದುಕೊಳ್ಳಿ. ಆ ವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಈಗಲ್ಸ್ 14ಕ್ಕೆ ಸೊನ್ನೆಯಿಂದ ಮುಂದಿದ್ದು, ಕೊನೆಯಲ್ಲಿ ಚೆಂಡೊಂದು ತಮ್ಮವನದೇ ಕೈಯಿಂದ ಜಾರಿ ಎದುರಾಳಿಯ ಪಾಲಾಗಿ, 20ಕ್ಕೆ 14ರಿಂದ ಸೋತಿತು. ನೂರಕ್ಕೆ ನೂರಿನವರಿಗೆ ಒಂದು ಪೂರ್ತಿ ಅಂಕದ ದಂಡ. ಮೊದಲ ವಾರ ಬೇರ್ಸ್‌ಗೆ 70 ಎಂದು ಸೋತವರು ಈ ವಾರ ನ್ಯೂ ಆರ್ಲಿಯನ್ಸ್‌ಗೆ 75 ಎಂದಿದ್ದರೆ, ಎರಡೂ ವಾರ ಸೇರಿ ಅವರ ಖಾತೆಯಲ್ಲಿ 0.55.

ನಮಸ್ಕಾರ.