ಅಂಗೈಯಗಲದ ಜೇಡ: ನೆಫಿಲಾ ಗುರುತಿಸುವ ಬಗೆ

ಕೇಳುಗರಿಗೆ ನಮಸ್ಕಾರ. ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ, ಕೊಡಗಿನ ತೋಟಗಳಲ್ಲಿ ಮರದಿಂದ ಮರಕ್ಕೆ ಬಲೆ ಕಟ್ಟಿ ಕೂತ ಅಂಗೈಯಗಲದ ಜೇಡವನ್ನು ನೀವು ನೋಡಿರಬಹುದು. ಅದು ನೆಫಿಲಾ ಪಿಲಿಪೆಸ್. ಮೈ ಕಪ್ಪು-ಹಳದಿ ಇದ್ದರೆ ಸಾಕು, ಮನೆಯಂಗಳದ ಸಹಿ ಜೇಡವನ್ನೂ ಇದೇ ಎಂದುಕೊಳ್ಳುವವರು ಬಹಳ. ಬಣ್ಣವನ್ನೇ ನಂಬಬೇಡಿ, ಮೊದಲು ಬಲೆ ನೋಡಿ.

ಓರೆ ಬಿಸಿಲು ಬೀಳುವ ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು. ನೆಫಿಲಾದ ನೂಲು ಆಗ ಹೊಂಬಣ್ಣದಲ್ಲಿ ಹೊಳೆಯುತ್ತದೆ. ಬಲೆ ಒಂದು ಮೀಟರಿಗೂ ಮೀರಿ ಅಗಲವಿರಬಹುದು, ಆದರೆ ಪೂರ್ತಿ ಚಕ್ರವಲ್ಲ. ಜೇಡ ಕೂರುವ ಜಾಗ ಮೇಲಂಚಿಗೆ ಹತ್ತಿರ, ಬಲೆಯ ಬಹುಪಾಲು ಅದರ ಕೆಳಗೆ. ಇನ್ನೂ ಹತ್ತಿರ ಹೋಗಿ ನೋಡಿ: ಅಂಟು ಎಳೆಗಳ ಗುಂಪಿನ ನಡುನಡುವೆ ಅಂಟಿಲ್ಲದ ಎಳೆಯೊಂದು ಸಾಗಿರುತ್ತದೆ. ಬಲೆ ನೇಯುವಾಗ ಆಸರೆಗೆ ಹಾಕಿಕೊಂಡ ಈ ಸುರುಳಿಯನ್ನು ಹೆಚ್ಚಿನ ಚಕ್ರಬಲೆ ಜೇಡಗಳು ಕೊನೆಗೆ ಕಿತ್ತುಹಾಕುತ್ತವೆ; ನೆಫಿಲಾ ಉಳಿಸಿಕೊಳ್ಳುತ್ತದೆ. ಬರಿಗಣ್ಣಿಗೆ ಸಿಗುವ ಗುರುತುಗಳಲ್ಲಿ ನಾನು ಹೆಚ್ಚು ನೆಚ್ಚುವುದು ಇದನ್ನೇ.

ಸಹಿ ಜೇಡ, ಅಂದರೆ ಅರ್ಜಿಯೋಪೆ, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರ ಚಿಹ್ನೆಯಂತೆ ಚಾಚಿ ಕೂರುತ್ತದೆ. ಬಲೆಯ ನಡುವೆ ಬಿಳಿ ನೂಲಿನ ಅಂಕುಡೊಂಕು ಪಟ್ಟಿ ಇರುತ್ತದೆ. ಕೆಲವು ಬಲೆಗಳಲ್ಲಿ ಈ ಪಟ್ಟಿಯೇ ಇರುವುದಿಲ್ಲ, ಮರಿಗಳು ಅದನ್ನು ಗುಂಡಗೆ ಹೆಣೆಯುವುದೂ ಉಂಟು. ಹಾಗಾಗಿ ಪಟ್ಟಿ ಕಾಣಲಿಲ್ಲವೆಂದು ತಳ್ಳಿಹಾಕಬೇಡಿ. ಅರ್ಜಿಯೋಪೆ ಅನಸೂಜಾ, ಅರ್ಜಿಯೋಪೆ ಪುಲ್ಕೆಲ್ಲಾ ಎಂಬ ಇದರ ಎರಡು ಜಾತಿಗಳನ್ನು ಖಚಿತವಾಗಿ ಬೇರ್ಪಡಿಸಲು ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಫೋಟೊ ಒಂದೇ ಇದ್ದರೆ ಅರ್ಜಿಯೋಪೆ ಎಂದಷ್ಟೇ ಬರೆದುಕೊಳ್ಳಿ.

ಇನ್ನು ಮೈ. ಹೆಣ್ಣು ನೆಫಿಲಾ ಪಿಲಿಪೆಸ್‌ನ ಮೈಯುದ್ದ 3ರಿಂದ 5 ಸೆಂಟಿಮೀಟರ್. ಹೊಟ್ಟೆ ನೀಳ, ಅದರ ಮೇಲೆ ಉದ್ದುದ್ದ ಹಳದಿ ಗೆರೆ. ಸಹಿ ಜೇಡದ್ದು ಅಡ್ಡಪಟ್ಟೆ, ಅದರ ಮೈಯ ಮುಂಭಾಗದಲ್ಲಿ ಬೆಳ್ಳಿಬಣ್ಣದ ಕೂದಲು. ಹೊಟ್ಟೆಯ ಮೇಲೆ ಗೆರೆಯಿಲ್ಲದೆ ಕಪ್ಪಗಿದ್ದು ಕಾಲು ಕೆಂಪಗಿದ್ದರೆ ಅದು ನೆಫಿಲಾದ್ದೇ ಇನ್ನೊಂದು ಜಾತಿ, ನೆಫಿಲಾ ಕೂಲೈ ಇರಬಹುದು.

ನೆಫಿಲಾ ಪಿಲಿಪೆಸ್‌ನ ಬಲೆಯಲ್ಲಿ 5-6 ಮಿಲಿಮೀಟರಿನ ಕಂದು ಜೇಡ ಕಂಡರೆ ಮರಿಯೆಂದುಕೊಳ್ಳಬೇಡಿ, ಅದು ಗಂಡು ಇರಬಹುದು. ಬೆಳ್ಳಿಯಂತೆ ಮಿನುಗುವ ಪುಟಾಣಿಗಳು ಮಾತ್ರ ಬೇರೆ ಕುಲದವು: ನೆಫಿಲಾದ ಬೇಟೆಯನ್ನು ಕದ್ದು ತಿನ್ನುವ ಆರ್ಗೈರೋಡಿಸ್.

ಫೋಟೊ ತೆಗೆಯುವಾಗ ಬೆನ್ನು, ಹೊಟ್ಟೆಯಡಿ, ಇಡೀ ಬಲೆ, ಮೂರೂ ಇರಲಿ. ಎಳೆ ಕಾಣಲೆಂದು ಬಲೆಗೆ ಹಿಟ್ಟು, ಪೌಡರ್ ಎರಚಬೇಡಿ. ಅಂಟೆಲ್ಲ ಮುಚ್ಚಿಹೋಗಿ ಬಲೆ ಬೇಟೆಗೆ ಬಾರದಂತಾಗುತ್ತದೆ. ಜೇಡದ ಹಿಂದೆ ಕಪ್ಪು ಬಟ್ಟೆ ಹಿಡಿದರೆ ಸಾಕು.