ಒಂದೇ ಬಸ್ಸಿನ ಇಬ್ಬರು

ಎಲ್ಲರಿಗೂ ನಮಸ್ಕಾರ.

"ಯಾವ ಕುರ್ಚಿ ತಗೊಳ್ಳಲಿ?" ಮನೆಯಿಂದ ಕೆಲಸ ಮಾಡುವವರ ಮೊದಲ ಪ್ರಶ್ನೆ ಇದೇ. ಕುರ್ಚಿಯ ವಿಷಯಕ್ಕೆ ಬರೋಣ. ಮೊದಲು ಒಂದು ಬಸ್ಸು ಹತ್ತೋಣ.

ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು. ಜೆರ್ರಿ ಮಾರಿಸ್ ಎಂಬ ವೈದ್ಯರ ತಂಡ ಅದರ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ ವರದಿ ಪ್ರಕಟಿಸಿತು. ಅದೇ ಬಸ್ಸು, ಅದೇ ರಸ್ತೆ, ಅದೇ ಹೊಗೆ. ಒಬ್ಬ ದಿನವಿಡೀ ಸ್ಟಿಯರಿಂಗ್ ಹಿಡಿದು ಕೂತವನು. ಇನ್ನೊಬ್ಬ ಟಿಕೆಟ್ ಕೊಡುತ್ತಾ ದಿನಕ್ಕೆ 500ಕ್ಕೂ ಹೆಚ್ಚು ಮೆಟ್ಟಿಲು ಹತ್ತಿದವನು. ಹೃದಯಾಘಾತ ಕಂಡಕ್ಟರುಗಳಲ್ಲಿ ಕಡಿಮೆ. ಬಂದರೂ ಅಷ್ಟು ಮಾರಕವಾಗಿರಲಿಲ್ಲ. ಡ್ರೈವರುಗಳು ಕೆಲಸಕ್ಕೆ ಸೇರುವಾಗಲೇ ದಪ್ಪಗಿದ್ದರೋ ಏನೋ ಅಂತ ಅನುಮಾನ ಬರುತ್ತದಲ್ಲವೇ? ತಂಡಕ್ಕೂ ಬಂತು. ಸಮವಸ್ತ್ರ ಹೊಲಿಸಿದ ಲೆಕ್ಕದಿಂದ ಪ್ಯಾಂಟಿನ ಸೊಂಟದಳತೆ ತೆಗೆದು ನೋಡಿದರು. ಡ್ರೈವರುಗಳ ಸೊಂಟ ದೊಡ್ಡದೇ ಇತ್ತು! ಆದರೆ ದಪ್ಪಗಿದ್ದ ಕಂಡಕ್ಟರನಿಗೂ ಅಪಾಯ ಕಡಿಮೆಯೇ ಎಂದು ಮುಂದಿನ ಅಧ್ಯಯನ ತೋರಿಸಿತು.

ಆಫೀಸು ನಮಗೆ ಕೇಳದೆಯೇ ಕಂಡಕ್ಟರನ ಮೆಟ್ಟಿಲು ಕೊಟ್ಟಿತ್ತು: ನಿಲ್ದಾಣಕ್ಕೆ ನಡಿಗೆ, ಮಹಡಿ, ಮೀಟಿಂಗ್ ಕೋಣೆ. ಮನೆಯಲ್ಲಿ ಹಾಸಿಗೆಯಿಂದ ಮೇಜಿಗೆ ಹತ್ತು ಹೆಜ್ಜೆ. ನಾವೆಲ್ಲ ಡ್ರೈವರುಗಳಾದೆವು.

ಮೀನಖಂಡದ ಸ್ನಾಯು ಹಿಂಡಿದಾಗಲೇ ಕಾಲಿನ ರಕ್ತ ಸಲೀಸಾಗಿ ಮೇಲೇರುವುದು. ಬೆನ್ನುಮೂಳೆಗಳ ನಡುವಿನ ಡಿಸ್ಕಿನೊಳಗೆ ದೊಡ್ಡವರಲ್ಲಿ ರಕ್ತನಾಳ ಇಲ್ಲವೆಂದೇ ಹೇಳಬೇಕು. ಒತ್ತಡ ಬಿದ್ದಾಗ ನೀರು ಬಿಟ್ಟು, ಸಡಿಲವಾದಾಗ ಹೀರಿಕೊಳ್ಳುತ್ತದೆ, ಸ್ಪಂಜಿನ ಹಾಗೆ. ಎಷ್ಟು ಒಳ್ಳೆಯ ಕುರ್ಚಿಯಾದರೂ ಈ ಎರಡು ಕೆಲಸ ಮಾಡಿಕೊಡಲಾರದು. ಅರ್ಧ ಗಂಟೆಗೊಮ್ಮೆ ಏಳಬೇಕು. ಅಲಾರಂ ಇಟ್ಟರೆ ಮೂರನೇ ದಿನ ಅದರ ಬಾಯಿ ಮುಚ್ಚಿಸುತ್ತೀರಿ. ಅದರ ಬದಲು ಏಳುವುದನ್ನು ಕೆಲಸಕ್ಕೇ ಗಂಟು ಹಾಕಿ. ಫೋನ್ ಬಂದರೆ ನಿಂತು ಮಾತು. ಮೇಜಿನ ಮೇಲೆ ದೊಡ್ಡ ನೀರಿನ ಬಾಟಲಿ ಬೇಡ, ಸಣ್ಣ ಲೋಟ ಸಾಕು, ತುಂಬಿಸಲು ಏಳಲೇಬೇಕಾಗುತ್ತದೆ. ಎದ್ದಾಗ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಕೂತು ಏಳಿ. ಎರಡು ನಿಮಿಷದ ಕಂಡಕ್ಟರ್ ಕೆಲಸ.

ನೀವೂ ಕೂತು ಬಹಳ ಹೊತ್ತಾಯಿತು. ಆಗುವವರು ಎದ್ದು ನಿಂತೇ ಉಳಿದದ್ದು ಕೇಳಿ.

ಈಗ ಕುರ್ಚಿ. ಎಲ್ಲರೂ ತಪ್ಪುವುದು ಕ್ರಮದಲ್ಲಿ. ಪಾದ ನೆಲಕ್ಕೆ ತಾಗುವಂತೆ ಕುರ್ಚಿ ಇಳಿಸುತ್ತಾರೆ. ಮೇಜು ಎತ್ತರವಾಗಿ ಭುಜ ಕಿವಿಯ ಕಡೆ ಏರುತ್ತದೆ, ಸಂಜೆಗೆ ಕತ್ತು ನೋವು. ಮೊದಲು ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರುವಷ್ಟು ಕುರ್ಚಿ ಏರಿಸಿ. ಪಾದ ತೇಲಿದರೆ ಕೆಳಗೆ ಗಟ್ಟಿ ಪೆಟ್ಟಿಗೆ ಇಡಿ. ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ಎರಡು ಮೂರು ಬೆರಳು ಜಾಗವಿರಲಿ. ಸೊಂಟದ ಬಾಗಿಗೆ ಸುರುಳಿ ಸುತ್ತಿದ ಟವೆಲ್. ಬೆನ್ನು ಸೆಟೆದು ಕೂರುವುದು ಬೇಡ, ತೊಡೆಗೂ ಬೆನ್ನಿಗೂ ನಡುವೆ 100ರಿಂದ 110 ಡಿಗ್ರಿ ಕೋನ ಬರುವಷ್ಟು ಹಿಂದಕ್ಕೆ ಒರಗಿ.

ಲ್ಯಾಪ್‌ಟಾಪಿನ ಪರದೆಗೂ ಕೀಬೋರ್ಡಿಗೂ ಒಂದೇ ಕೀಲು. ಪರದೆ ಸರಿಯಾದರೆ ಕೈ ಕೆಡುತ್ತದೆ, ಕೈ ಸರಿಯಾದರೆ ಐದು ಕಿಲೋ ತೂಕದ ತಲೆ ಮುಂದಕ್ಕೆ ಜೋತು ಬೀಳುತ್ತದೆ. ಪುಸ್ತಕ ಪೇರಿಸಿ ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಒಂದು ತೋಳಿನ ದೂರದಲ್ಲಿಡಿ, ಬೇರೆ ಕೀಬೋರ್ಡ್, ಮೌಸ್ ಜೋಡಿಸಿ. ಬೈಫೋಕಲ್ ಕನ್ನಡಕದವರು ಪರದೆ ಇನ್ನಷ್ಟು ತಗ್ಗಿಸಿ. ಇಲ್ಲದಿದ್ದರೆ ಗಲ್ಲ ಎತ್ತಿಯೇ ಓದಬೇಕಾಗುತ್ತದೆ.

ಸಮಯದ ಚೀಟಿ ಬಂತು. ಬೇಗ ಹೇಳಿಬಿಡುತ್ತೇನೆ. ಕೀಬೋರ್ಡಿನ ಹಿಂದಿನ ಪುಟ್ಟ ಕಾಲು ಮಡಚಿಡಿ, ಅದು ಮಣಿಕಟ್ಟನ್ನು ಮೇಲಕ್ಕೆ ಮುರಿಯುತ್ತದೆ. ಕಿಟಕಿ ಪಕ್ಕಕ್ಕಿರಲಿ. 20 ನಿಮಿಷಕ್ಕೊಮ್ಮೆ 6 ಮೀಟರ್ ಆಚೆಗೆ 20 ಸೆಕೆಂಡ್ ನೋಡಿ, ರೆಪ್ಪೆ ಬಡಿಯಿರಿ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಇವೆಲ್ಲದರ ಜೊತೆಗೆ, ಬದಲಿಗಲ್ಲ.

ಇದೊಂದನ್ನು ಮಾತ್ರ ಬಿಡಲಾರೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದು ಹೆಪ್ಪುಗಟ್ಟಿದ ರಕ್ತವಿರಬಹುದು. ತಿಕ್ಕಬೇಡಿ, ಅವತ್ತೇ ಹೋಗಿ.